ಎಲ್ಲ ನಿಂತಿರುವಾಗ ಒಂದು ಚೀಟಿ ಅಲುಗಿದರೆ

(ಸಾಫ್ಟ್‌ವೇರ್ ಪ್ರಚಾರದ ಕೆಲಸ ಮಾಡುವವರ ಮುಂದೆ ಕೊಟ್ಟ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಮಾತು ಶುರು ಮಾಡುವ ಮೊದಲೇ ಈ ಪರದೆಯ ಮೇಲೆ ಒಂದು ಫೋಟೊ ಇತ್ತು. ನೀವು ಒಳಗೆ ಬರುವಾಗಲೂ ಇತ್ತು, ಕುರ್ಚಿ ಹುಡುಕುವಾಗಲೂ ಇತ್ತು. ಒಂದು ಗೋಡೆ. ಗೋಡೆಯ ತುಂಬ ಹಳದಿ, ಗುಲಾಬಿ, ನೀಲಿ ಅಂಟುಚೀಟಿಗಳು. ಅದರ ಮುಂದೆ ನಮಗೆ ಬೆನ್ನು ಮಾಡಿ ನಿಂತ ಒಬ್ಬ ಮಹಿಳೆ, ಕೈಯಲ್ಲಿ ಪೆನ್ನು. ನಿಮ್ಮಲ್ಲಿ ಹೆಚ್ಚಿನವರು ಒಮ್ಮೆ ನೋಡಿ, ಯಾವುದೋ ಆಫೀಸಿನ ಫೋಟೊ ಅಂದುಕೊಂಡು ಕಣ್ಣು ತಿರುಗಿಸಿದಿರಿ. ಆಮೇಲೆ ಮತ್ತೆ ನೋಡಿದಿರಿ. ನಾನು ಪಕ್ಕದಲ್ಲಿ ನಿಂತು ಅದನ್ನೇ ಗಮನಿಸುತ್ತಿದ್ದೆ. ಮೂರನೇ ಸಾಲಿನಲ್ಲಿ ಒಬ್ಬರು ಪಕ್ಕದವರ ತೋಳು ಮುಟ್ಟಿ ಬೆರಳು ತೋರಿಸಿದರು. ಅಷ್ಟು ಚೀಟಿಗಳಲ್ಲಿ ಒಂದೇ ಒಂದು, ಬಲಗಡೆ ಮೇಲಿನ ಹಳದಿ ಚೀಟಿ, ಮೆಲ್ಲಗೆ ತನ್ನ ಅಂಚನ್ನು ಎತ್ತಿ ಇಳಿಸುತ್ತಿದೆ. ಬೇರೆ ಏನೂ ಅಲುಗುವುದಿಲ್ಲ. ಆ ಮಹಿಳೆಯ ಕೂದಲಿನ ಒಂದು ಎಳೆಯೂ ಅಲುಗುವುದಿಲ್ಲ.

ನೀವು ಎರಡನೇ ಸಲ ನೋಡಿದಿರಲ್ಲ, ಇವತ್ತಿನ ಮಾತೆಲ್ಲ ಆ ಎರಡನೇ ನೋಟದ ಬಗ್ಗೆ. ಅದನ್ನು ಗಳಿಸುವುದು ಹೇಗೆ, ಗಳಿಸಿದ ಮೇಲೆ ಅದನ್ನು ಯಾವುದಕ್ಕೆ ಖರ್ಚು ಮಾಡಬೇಕು, ಅಷ್ಟೇ. ಉದಾಹರಣೆಗೆ ನಾನು ಆರಿಸಿಕೊಂಡದ್ದು ಕ್ಲೌಡ್‌ನಲ್ಲಿ ನಡೆಯುವ ಪ್ರಾಡಕ್ಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್, ಅಂದರೆ ಒಂದು ಸರಕಿನಲ್ಲಿ ಮುಂದೆ ಏನು ಮಾಡಬೇಕು ಅಂತ ತೀರ್ಮಾನಿಸುವವರು ಇಂಟರ್‌ನೆಟ್ ಮೂಲಕ ಬಳಸುವ ಸಾಫ್ಟ್‌ವೇರ್. ಯಾಕೆ ಅಂದರೆ ಫೋಟೊದಲ್ಲಿ ತೋರಿಸಲು ಇದಕ್ಕಿಂತ ಕಷ್ಟದ ಸರಕು ನನಗೆ ಸಿಕ್ಕಿಲ್ಲ.

ಮೊದಲು ಈ ಚಲಿಸುವ ಫೋಟೊ ಬಗ್ಗೆ ಎರಡು ಮಾತು. 2011ರಲ್ಲಿ ಕೆವಿನ್ ಬರ್ಗ್ ಮತ್ತು ಜೇಮೀ ಬೆಕ್ ಅನ್ನುವ ಇಬ್ಬರು ನ್ಯೂಯಾರ್ಕ್ ಫ್ಯಾಷನ್ ವೀಕ್‌ನ ಚಿತ್ರಗಳನ್ನು ಈ ಥರ ಮಾಡಿ ಜನರ ಮುಂದೆ ಇಟ್ಟರು. ಸಿನಿಮಾಗ್ರಾಫ್ ಅನ್ನುವ ಹೆಸರೂ ಅವರದೇ. ಅವರು ಬಳಸಿದ ಜಿಫ್ ಅನ್ನುವ ಬಗೆಯ ಚಿತ್ರದ ಫೈಲು ಮಾತ್ರ ಹಳೆಯದು. ಅದನ್ನು ಕಂಪ್ಯುಸರ್ವ್ ಕಂಪನಿ 1987ರಲ್ಲೇ ಹೊರತಂದಿತ್ತು. 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರ್ ಅದನ್ನು ಮತ್ತೆ ಮತ್ತೆ ಸುತ್ತಿಸುವ ಸೌಲಭ್ಯ ಕೊಟ್ಟ ಮೇಲೆ ವೆಬ್ಬಿನ ತುಂಬ ಕುಣಿಯುವ ಚಿತ್ರಗಳು ಬಂದವು.

ನನಗೆ ಇದರಲ್ಲಿ ಇಷ್ಟವಾಗುವುದು ಇನ್ನೊಂದು ವಿಷಯ. 1878ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ ಓಡುವ ಕುದುರೆಯ ದಾರಿಯುದ್ದಕ್ಕೂ ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು ಫೋಟೊ ತೆಗೆದರು. ನಿಂತ ಚಿತ್ರಗಳನ್ನು ಒಂದರ ಹಿಂದೆ ಒಂದು ಜೋಡಿಸಿದರೆ ಓಟ ಕಾಣುತ್ತದೆ ಅಂತ ಜಗತ್ತಿಗೆ ಗೊತ್ತಾಯಿತು. ಅಲ್ಲಿಂದ ಮುಂದೆ ಎಲ್ಲರ ಆಸೆ ಒಂದೇ ಆಯಿತು, ಇನ್ನೂ ಜಾಸ್ತಿ ಚಲನೆ ಬೇಕು. ಸಿನಿಮಾಗ್ರಾಫ್ ಮಾಡುವವರು ಹಿಂದಕ್ಕೆ ನಡೆಯುತ್ತಾರೆ. ಪೂರ್ತಿ ಚಲಿಸುವ ವಿಡಿಯೊ ಕೈಯಲ್ಲಿಟ್ಟುಕೊಂಡು, ಅದರಿಂದ ಚಲನೆಯನ್ನು ಅಳಿಸುತ್ತಾ ಹೋಗುತ್ತಾರೆ. ಕೊನೆಗೆ ಒಂದನ್ನು ಮಾತ್ರ ಉಳಿಸುತ್ತಾರೆ. ಯಾವುದನ್ನು ಉಳಿಸಬೇಕು ಅನ್ನುವುದರಲ್ಲೇ ಈ ಕಲೆ ಇರುವುದು.

ಈಗ ಸಾಫ್ಟ್‌ವೇರ್ ಕಡೆ ಬರೋಣ.

1931ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯಲ್ಲಿ ಕಾಮೇ ಸಾಬೂನಿನ ಜಾಹೀರಾತು ನೋಡಿಕೊಳ್ಳುತ್ತಿದ್ದ ನೀಲ್ ಮೆಕೆಲ್ರಾಯ್ ತನ್ನ ಮೇಲಿನವರಿಗೆ ಮೂರು ಪುಟದ ಒಂದು ಟಿಪ್ಪಣಿ ಬರೆದರು. ಒಂದೊಂದು ಬ್ರ್ಯಾಂಡಿಗೂ ಅದನ್ನೇ ಹೊತ್ತುಕೊಳ್ಳುವ ಜನ ಬೇಕು, ಅದರ ಲಾಭ ನಷ್ಟ, ದೂರು, ಪ್ರಚಾರ ಎಲ್ಲಕ್ಕೂ ಅವರೇ ಹೊಣೆ ಆಗಬೇಕು ಅನ್ನುವುದು ಅದರ ತಿರುಳು. ಇವತ್ತಿನ ಪ್ರಾಡಕ್ಟ್ ಮ್ಯಾನೇಜರ್‌ನ ಕೆಲಸದ ಬೇರನ್ನು ಜನ ಅಲ್ಲಿಗೆ ಕೊಂಡೊಯ್ಯುತ್ತಾರೆ. ಆ ಕೆಲಸದಲ್ಲಿ ಇರುವವರು ಇಲ್ಲೂ ಕೆಲವರಿದ್ದೀರಿ. ನಿಮ್ಮ ದಿನ ಹೇಗಿರುತ್ತದೆ ಹೇಳಿ. ಗ್ರಾಹಕರು ನೂರು ಬೇಡಿಕೆ ಇಡುತ್ತಾರೆ. ಸೇಲ್ಸ್‌ನವರು ಇನ್ನೂ ಹತ್ತು ಸೇರಿಸುತ್ತಾರೆ, ಅದರಲ್ಲಿ ಮೂರು ನಾಳೆಯೇ ಬೇಕು. ಕೋಡ್ ಬರೆಯುವವರು, ಹಳೆಯದನ್ನು ಸರಿ ಮಾಡದೆ ಹೊಸದು ಆಗಲ್ಲ ಅನ್ನುತ್ತಾರೆ. ಸಪೋರ್ಟ್‌ನವರ ಹತ್ತಿರ ಬೇರೆಯದೇ ಪಟ್ಟಿ. ಎತ್ತು ಏರಿಗೆ, ಕೋಣ ನೀರಿಗೆ. ಇದರ ಮಧ್ಯೆ ನಿಂತು, ಈ ತಿಂಗಳು ಇದು, ಮುಂದಿನ ತಿಂಗಳು ಅದು, ಇನ್ನೊಂದು ಸದ್ಯಕ್ಕೆ ಬೇಡ ಅಂತ ಹೇಳುವವರು ನೀವು. ಆ ಬೇಡ ಅನ್ನುವುದಿದೆಯಲ್ಲ, ಎಲ್ಲಕ್ಕಿಂತ ಕಷ್ಟದ್ದು ಅದೇ.

ಈ ಸಾಫ್ಟ್‌ವೇರ್ ಮಾಡುವುದು ಆ ಕಷ್ಟಕ್ಕೆ ಒಂದು ಜಾಗ ಕೊಡುವ ಕೆಲಸ. ಬೇಡಿಕೆಗಳು ಒಂದು ಕಡೆ ಬಂದು ಬೀಳುತ್ತವೆ. ಮಾಡಬೇಕಾದ ಕೆಲಸಗಳ ಪಟ್ಟಿ, ಅಂದರೆ ಬ್ಯಾಕ್‌ಲಾಗ್ ಇರುತ್ತದೆ, ಯಾವುದು ಯಾವಾಗ ಅಂತ ತೋರಿಸುವ ರೋಡ್‌ಮ್ಯಾಪ್ ಇರುತ್ತದೆ, ಯಾವ ಫೀಚರ್‌ಗೆ ಎಷ್ಟು ಮಹತ್ವ ಅಂತ ಅಂಕ ಹಾಕುವ ವ್ಯವಸ್ಥೆ ಇರುತ್ತದೆ. ಕ್ಲೌಡ್‌ನಲ್ಲಿ ಇರುವುದರಿಂದ ಎಲ್ಲರೂ ನೋಡುವುದು ಒಂದೇ ಪ್ರತಿ. ಮೇಲ್‌ನಲ್ಲಿ ಹಾರಾಡುವ ಸ್ಪ್ರೆಡ್‌ಶೀಟ್‌ಗಳ ಹಾಗೆ ಹತ್ತು ಜನರ ಹತ್ತಿರ ಹತ್ತು ಪ್ರತಿ ಇರುವುದಿಲ್ಲ.

ಇದನ್ನು ಫೋಟೊದಲ್ಲಿ ಹೇಗೆ ತೋರಿಸುತ್ತೀರಿ? ಸ್ಕ್ರೀನ್‌ಶಾಟ್ ಹಾಕಿದರೆ ಎಡಗಡೆ ಮೆನು, ನಡುವೆ ಕಾಲಂಗಳು, ಬಣ್ಣಬಣ್ಣದ ಪಟ್ಟಿಗಳು. ನಿಮ್ಮ ಸಾಫ್ಟ್‌ವೇರ್‌ದೂ ಹಾಗೇ, ನಿಮ್ಮ ಪೈಪೋಟಿಯವರದೂ ಹಾಗೇ. ಮೊಬೈಲಿನಲ್ಲಿ ಅದು ಅಂಗೈಯಗಲಕ್ಕೆ ಕುಗ್ಗಿದಾಗ ಒಂದಕ್ಷರವೂ ಓದಲಾಗುವುದಿಲ್ಲ. ಅದು ಬೇಡ ಅಂತ, ಮೇಜಿನ ಸುತ್ತ ನಗುತ್ತಾ ಕೂತ ಜನರ ಫೋಟೊ ಹಾಕಿದರೆ ಅದು ಬ್ಯಾಂಕಿನದೂ ಆಗಬಹುದು, ವಿಮೆಯದೂ ಆಗಬಹುದು. ಯಾರ ಕಣ್ಣೂ ಅಲ್ಲಿ ನಿಲ್ಲುವುದಿಲ್ಲ.

ಚಲಿಸುವ ಫೋಟೊ ನನಗೆ ಹೊಳೆದದ್ದು ಈ ಇಕ್ಕಟ್ಟಿನಲ್ಲಿ. ಮೊದಲ ಸಲ ನಾನು ಮಾಡಿದ್ದು ಇದು. ಒಂದು ಚೊಕ್ಕವಾದ ಮೇಜು, ಮೇಜಿನ ಮೇಲೆ ಲ್ಯಾಪ್‌ಟಾಪ್, ಲ್ಯಾಪ್‌ಟಾಪ್‌ನಲ್ಲಿ ರೋಡ್‌ಮ್ಯಾಪ್, ಪಕ್ಕದಲ್ಲಿ ಒಂದು ಕಪ್ಪು. ಕಪ್ಪಿನಿಂದ ಹಬೆ ಏಳುತ್ತಿದೆ. ಉಳಿದದ್ದೆಲ್ಲ ಸ್ಥಿರ. ನೋಡಲು ತುಂಬ ಚೆನ್ನಾಗಿತ್ತು. ತಂಡದವರೆಲ್ಲ ಮೆಚ್ಚಿದರು, ನಾನೂ ಮೆಚ್ಚಿದೆ. ಹಾಕುವ ಮೊದಲು ಬೇರೆ ವಿಭಾಗದ ಒಬ್ಬರಿಗೆ ತೋರಿಸಿ, ಇದು ಯಾವುದರ ಜಾಹೀರಾತು ಇರಬಹುದು ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ನೋಡಿ, 'ಕಪ್ಪಿನದಾ?' ಅಂದರು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಅವರ ತಪ್ಪು ಏನೂ ಇರಲಿಲ್ಲ. ನಾನು ಕಪ್ಪಿಗೆ ಜೀವ ಕೊಟ್ಟಿದ್ದೆ, ಅವರು ಕಪ್ಪನ್ನು ನೋಡಿದರು. ಕಣ್ಣಿನ ಸ್ವಭಾವವೇ ಹಾಗೆ. ನೋಟದ ಅಂಚಿನಲ್ಲಿ ನಮಗೆ ಅಕ್ಷರ ಓದಲು ಆಗುವುದಿಲ್ಲ, ಬಣ್ಣವೂ ಅಷ್ಟು ಸರಿಯಾಗಿ ಗೊತ್ತಾಗುವುದಿಲ್ಲ, ಆದರೆ ಏನಾದರೂ ಅಲುಗಿದರೆ ತಕ್ಷಣ ಗೊತ್ತಾಗುತ್ತದೆ. ತಲೆ ತಾನಾಗಿ ಅತ್ತ ತಿರುಗುತ್ತದೆ. ಅಂದಮೇಲೆ ಫೋಟೊದಲ್ಲಿ ಯಾವುದು ಅಲುಗುತ್ತದೋ ಅದೇ ನಿಮ್ಮ ಮಾತು. ಕೆಳಗೆ ನೀವು ಎಷ್ಟೇ ದೊಡ್ಡ ಅಕ್ಷರದಲ್ಲಿ ಬೇರೆ ಏನು ಬರೆದಿದ್ದರೂ ನೋಡುವವರು ಮೊದಲು ಕೇಳಿಸಿಕೊಳ್ಳುವುದು ಅಲುಗುವ ವಸ್ತುವಿನ ಮಾತನ್ನು.

ಆಮೇಲೆ ನಾನು ಪ್ರಶ್ನೆಯನ್ನೇ ಬದಲಿಸಿದೆ. ಯಾವುದು ಅಲುಗಿದರೆ ಚೆಂದ ಅಂತ ಕೇಳುವುದನ್ನು ಬಿಟ್ಟೆ. ಈ ಸಾಫ್ಟ್‌ವೇರ್ ಬಂದ ಮೇಲೆ ಒಬ್ಬ ಪ್ರಾಡಕ್ಟ್ ಮ್ಯಾನೇಜರ್‌ನ ಜೀವನದಲ್ಲಿ ಯಾವುದು ಅಲುಗುತ್ತದೆ ಅಂತ ಕೇಳಿಕೊಂಡೆ. ಉತ್ತರ ಅಲ್ಲೇ ಇತ್ತು. ನೂರು ವಿಷಯಗಳಲ್ಲಿ ಒಂದು ಮುಂದಕ್ಕೆ ಬರುತ್ತದೆ, ಉಳಿದವು ಸದ್ಯಕ್ಕೆ ಕಾಯುತ್ತವೆ. ಸಿನಿಮಾಗ್ರಾಫ್ ಮಾಡುವುದೂ ಅದನ್ನೇ ಅಲ್ವಾ? ಎಲ್ಲವನ್ನೂ ನಿಲ್ಲಿಸಿ ಒಂದನ್ನು ಮುಂದಕ್ಕೆ ತರುತ್ತದೆ. ನನ್ನ ಸರಕು ಮಾಡುವ ಕೆಲಸಕ್ಕೂ ಈ ಫೋಟೊ ಮಾಡುವ ಕೆಲಸಕ್ಕೂ ಒಂದೇ ಆಕಾರ. ಅದು ಗೊತ್ತಾದ ದಿನ ನನಗೆ ಆದ ಖುಷಿ ಇನ್ನೂ ನೆನಪಿದೆ.

ಹಾಗೆ ಬಂದದ್ದು ಈ ಗೋಡೆಯ ಫೋಟೊ. ಇದನ್ನು ಹೇಗೆ ಮಾಡಿದೆವು ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನೋಡಲು ಸುಲಭ ಅನ್ನಿಸುವ ಕೆಲಸ ಎಲ್ಲಿ ಕೈಕೊಡುತ್ತದೆ ಅಂತ ನಿಮಗೂ ತಿಳಿದಿರಲಿ.

ಕ್ಯಾಮೆರಾ ಟ್ರೈಪಾಡ್ ಮೇಲೆ. ಕೈಯಲ್ಲಿ ಹಿಡಿದು ತೆಗೆದರೆ ಆಗಲ್ಲ, ಸುಮ್ನೆ ಸಮಯ ಹಾಳು. ನಿಂತ ಭಾಗವೂ ಚಲಿಸುವ ಭಾಗವೂ ಕೂದಲೆಳೆಯಷ್ಟೂ ಜರುಗದೆ ಒಂದರ ಮೇಲೊಂದು ಕೂರಬೇಕು. ಫೋಕಸ್, ಬೆಳಕಿನ ಅಳತೆ, ವೈಟ್ ಬ್ಯಾಲೆನ್ಸ್ ಮೂರನ್ನೂ ಕೈಯಿಂದಲೇ ಹೊಂದಿಸಿ ಬೀಗ ಹಾಕಿದೆವು. ಕ್ಯಾಮೆರಾಗೆ ಬಿಟ್ಟರೆ ಅದು ಮಧ್ಯೆ ತಾನೇ ಬದಲಿಸಿಕೊಳ್ಳುತ್ತದೆ. ಆಗ ಚೀಟಿಯ ಸುತ್ತ ಒಂದು ತೆಳು ಗೆರೆ ಕಾಣತೊಡಗುತ್ತದೆ, ಕತ್ತರಿಸಿ ಅಂಟಿಸಿದ ಹಾಗೆ.

ಕೋಣೆಯ ದೀಪಗಳದ್ದು ಇನ್ನೊಂದು ತೊಂದರೆ. 50 ಹರ್ಟ್ಸ್ ವಿದ್ಯುತ್ ಇರುವ ಕಡೆ ಹಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಗೆ ಕಾಣುತ್ತದೆ. ಶಟರ್ ವೇಗ ಸೆಕೆಂಡಿನ 50ರಲ್ಲಿ ಒಂದು ಭಾಗ ಅಥವಾ 100ರಲ್ಲಿ ಒಂದು ಭಾಗ ಇಟ್ಟರೆ ಆ ಮಿನುಗು ಸಮವಾಗುತ್ತದೆ. 60 ಹರ್ಟ್ಸ್ ಇರುವ ಕಡೆ 60 ಅಥವಾ 120 ಇಡಬೇಕು. ಮಾಮೂಲಿ ವಿಡಿಯೊದಲ್ಲಿ ಸ್ವಲ್ಪ ಮಿನುಗಿದರೆ ಯಾರೂ ಗಮನಿಸುವುದಿಲ್ಲ. ಇಲ್ಲಿ ಹಾಗಲ್ಲ. ಸುತ್ತ ಎಲ್ಲ ಕಲ್ಲಿನ ಹಾಗೆ ನಿಂತಿರುವಾಗ ಚೀಟಿಯ ಬಣ್ಣ ಒಂದಿಷ್ಟು ನಡುಗಿದರೂ ಎದ್ದು ಕಾಣುತ್ತದೆ.

ಚೀಟಿಗೆ ಗಾಳಿ ಬೇಕಲ್ಲ. ಮೊದಲು ಫ್ಯಾನ್ ಇಟ್ಟೆವು. ಎಲ್ಲ ಚೀಟಿಗಳೂ ಎದ್ದು ಪಟಪಟ ಅಂದವು. ಅದರಲ್ಲಿ ಒಂದನ್ನು ಮಾತ್ರ ಉಳಿಸಿ ಉಳಿದವನ್ನು ನಿಲ್ಲಿಸಬಹುದಿತ್ತು. ಆದರೆ ನಿಂತ ಚೀಟಿಗಳೆಲ್ಲ ಅರ್ಧ ಎದ್ದ ಭಂಗಿಯಲ್ಲಿ ಸಿಕ್ಕಿಬಿದ್ದ ಹಾಗೆ ಕಂಡವು. ಕೊನೆಗೆ ಒಂದು ಸಣ್ಣ ಕೊಳವೆಯಿಂದ, ಕ್ಯಾಮೆರಾಗೆ ಕಾಣದ ಕಡೆಯಿಂದ, ಆ ಒಂದು ಚೀಟಿಯ ಮೂಲೆಗೆ ಮಾತ್ರ ಉಸಿರು ಬಿಟ್ಟೆವು. ಮೆಲ್ಲಗೆ ಏಳುತ್ತದೆ, ಒಂದು ಕ್ಷಣ ತಡೆಯುತ್ತದೆ, ಇಳಿಯುತ್ತದೆ. ಯಾರೋ ಹೊರಡಲು ಎದ್ದ ಹಾಗೆ.

ನಿಂತಿರುವ ಮಹಿಳೆಯನ್ನು ವಿಡಿಯೊದ ಒಂದೇ ಫ್ರೇಮಿನಿಂದ ತೆಗೆದುಕೊಂಡೆವು. ಆ ಫ್ರೇಮನ್ನು ಮೇಲಿನ ಲೇಯರ್ ಆಗಿ ಇಟ್ಟು, ಚೀಟಿ ಇರುವ ಕಡೆ ಮಾಸ್ಕ್ ಹಾಕಿ ಒಂದು ಕಿಟಕಿ ತೆರೆದರೆ ಕೆಳಗಿನ ವಿಡಿಯೊ ಅಲ್ಲಿಂದ ಮಾತ್ರ ಕಾಣುತ್ತದೆ. ಕೆಲಸ ಮುಗಿಯಿತು ಅಂದುಕೊಂಡೆವು. ಆದರೆ ನೋಡಿದಷ್ಟೂ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಏನು ಅಂತ ತಿಳಿಯಲು ಬಹಳ ಹೊತ್ತು ಹಿಡಿಯಿತು. ನೆರಳು! ಚೀಟಿ ಎದ್ದಾಗ ಅದರ ನೆರಳು ಪಕ್ಕದ ನೀಲಿ ಚೀಟಿಯ ಮೇಲೆ ಬೀಳುತ್ತಿತ್ತು. ನಾವು ಚೀಟಿಗೆ ಕಿಟಕಿ ತೆರೆದಿದ್ದೆವು, ನೆರಳಿಗೆ ತೆರೆದಿರಲಿಲ್ಲ. ಚೀಟಿ ಏಳುತ್ತಿದೆ, ನೆರಳು ಮಲಗಿದೆ. ಮಾಸ್ಕನ್ನು ಬೆರಳಗಲದಷ್ಟು ಪಕ್ಕಕ್ಕೆ ಹಿಗ್ಗಿಸಿದ ಕೂಡಲೇ ಇಡೀ ಫೋಟೊ ನಿಜವಾಯಿತು.

ಕೊನೆಯದು ಹೊಲಿಗೆ, ಅಂದರೆ ಲೂಪ್. ಮುಗಿದದ್ದು ಎಲ್ಲಿ, ಮತ್ತೆ ಶುರುವಾದದ್ದು ಎಲ್ಲಿ ಅಂತ ಗೊತ್ತಾಗಬಾರದು. ಹಬೆ, ನೀರು, ಹೊಗೆ ಇಂಥವಕ್ಕೆ ಕೊನೆಯ ಒಂದು ಸೆಕೆಂಡನ್ನು ಮೊದಲ ಸೆಕೆಂಡಿನ ಜೊತೆ ಮೆಲ್ಲಗೆ ಬೆರೆಸಿದರೆ ಸಾಕು. ಕಾಗದಕ್ಕೆ ಅದು ಒಗ್ಗುವುದಿಲ್ಲ, ಬೆರೆಸಿದ ಕಡೆ ಎರಡು ಅಂಚು ಕಾಣುತ್ತವೆ. ಅದಕ್ಕೆ ಚೀಟಿ ಪೂರ್ತಿ ಮಲಗಿರುವ ಎರಡು ಫ್ರೇಮ್ ಹುಡುಕಿ, ಒಂದರಲ್ಲಿ ಶುರು ಮಾಡಿ ಇನ್ನೊಂದರಲ್ಲಿ ಮುಗಿಸಿದೆವು. ಮುಂದಕ್ಕೆ ಓಡಿಸಿ ಹಿಂದಕ್ಕೆ ಓಡಿಸುವ ಉಪಾಯವೂ ಇದೆ. ಕಿಟಕಿಯಲ್ಲಿ ತೂಗಾಡುವ ಬಟ್ಟೆಯ ಪರದೆಗೆ ಅದು ಸರಿ. ಹಬೆಗೆ ಮಾಡಿದರೆ ಹಬೆ ಕಪ್ಪಿನೊಳಗೆ ವಾಪಸ್ ಇಳಿಯುತ್ತದೆ.

ಚೀಟಿಯ ಬಗ್ಗೆ ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಕೆಲಸದ ಚೀಟಿಗಳನ್ನು ಒಂದು ಕಾಲಂನಿಂದ ಇನ್ನೊಂದಕ್ಕೆ ಸರಿಸಲು ನಾವೆಲ್ಲ ಬಳಸುವ ಕಾನ್‌ಬಾನ್ ಬೋರ್ಡಿನ ಮೂಲ ಟೊಯೋಟಾ ಕಾರ್ಖಾನೆಯ ಕಾಗದದ ಕಾರ್ಡುಗಳು. ತೈಚಿ ಓನೊ ರೂಪಿಸಿದ ಪದ್ಧತಿ ಅದು. ಕಾರ್ಡ್ ಬಂದರೆ ಮಾತ್ರ ಮುಂದಿನ ಸಾಮಾನು ತಯಾರು. ಅಂದರೆ ಕಾರ್ಡ್ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗುವುದೇ ಅಲ್ಲಿ ಮಾತು. ಈ ಕೆಲಸದಲ್ಲಿ ಇರುವವರಿಗೆ ಒಂದು ಚೀಟಿ ಅಲುಗುವುದು ಬರೀ ಕಾಗದ ಅಲುಗುವುದಲ್ಲ. ಹೊರಗಿನವರಿಗೆ ಅದು ಚೆಂದದ ಫೋಟೊ ಅಷ್ಟೇ ಇರಬಹುದು, ಪರವಾಗಿಲ್ಲ. ನಾವು ಮಾರುವುದು ಒಳಗಿನವರಿಗೆ.

ಬೇರೆ ಮಾತಿಗೆ ಬೇರೆ ಚಲನೆ. ಎಲ್ಲರೂ ಒಂದೇ ಪ್ರತಿ ನೋಡುತ್ತಾರೆ ಅನ್ನುವುದು ನಿಮ್ಮ ಸರಕಿನ ಮುಖ್ಯ ಗುಣವಾಗಿದ್ದರೆ ಏನು ಮಾಡಬಹುದು? ಬೇರೆ ಬೇರೆ ಜಾಗದಲ್ಲಿ ಕೂತ ಮೂವರ ಮೂರು ಫೋಟೊ ಪಕ್ಕಪಕ್ಕ ಇಡಿ. ಒಬ್ಬರ ಕಿಟಕಿಯಲ್ಲಿ ರಾತ್ರಿ, ಇನ್ನೊಬ್ಬರದರಲ್ಲಿ ಬೆಳಗ್ಗೆ. ಮೂವರೂ ಅಲುಗದೆ ಕೂತಿದ್ದಾರೆ. ಮೂರು ಪರದೆಗಳಲ್ಲೂ ಒಂದೇ ಕಾರ್ಡ್, ಒಂದೇ ಕ್ಷಣದಲ್ಲಿ, ಒಂದು ಕಾಲಂನಿಂದ ಮುಂದಿನದಕ್ಕೆ ಜಾರುತ್ತದೆ. ಕ್ಲೌಡ್ ಅಂದರೆ ಏನು ಅಂತ ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ಕ್ಲೌಡ್ ಅನ್ನುವ ಹೆಸರು ಹಿಡಿದುಕೊಂಡು ಆಕಾಶದಲ್ಲಿ ಮೋಡ ತೇಲಿಸುವವರು ಬಹಳ ಜನ ಇದ್ದಾರೆ. ಅದನ್ನು ಮಾಡಬೇಡಿ. ಅದು ಹೆಸರಿನ ಚಿತ್ರ ಆಗುತ್ತದೆ, ಕೆಲಸದ ಚಿತ್ರ ಆಗುವುದಿಲ್ಲ.

ಪರದೆಯನ್ನು ಕ್ಯಾಮೆರಾದಲ್ಲಿ ನೇರ ಹಿಡಿಯಬೇಡಿ ಅಂತಲೂ ಇಲ್ಲೇ ಹೇಳಿಬಿಡುತ್ತೇನೆ. ಅಲೆ ಅಲೆಯ ಗೆರೆಗಳು ಬರುತ್ತವೆ. ಪರದೆ ಆಫ್ ಮಾಡಿ ಫೋಟೊ ತೆಗೆದು, ಸಾಫ್ಟ್‌ವೇರ್‌ನ ರೆಕಾರ್ಡಿಂಗ್ ಅನ್ನು ಆಮೇಲೆ ಕೂರಿಸಿ. ನಿಜವಾದ ರೆಕಾರ್ಡಿಂಗ್ ಕೂರಿಸಿ. ಇನ್ನೂ ತಯಾರಾಗದ ಫೀಚರ್ ಅನ್ನು ಅಲ್ಲಿ ಓಡಿಸುವ ಆಸೆ ಎಲ್ಲರಿಗೂ ಬರುತ್ತದೆ. ಟ್ರಯಲ್ ತೆಗೆದುಕೊಂಡ ಮನುಷ್ಯ ಮೊದಲು ಹುಡುಕುವುದು ಫೋಟೊದಲ್ಲಿ ಅಲುಗಿದ್ದನ್ನೇ. ಅದು ಸಿಗದಿದ್ದರೆ ಆತ ಉಳಿದ ಯಾವುದನ್ನೂ ನಂಬುವುದಿಲ್ಲ.

ಫೈಲಿನ ತೂಕದ ಬಗ್ಗೆ. ಜಿಫ್‌ನಲ್ಲಿ ಒಂದು ಫ್ರೇಮಿಗೆ 256 ಬಣ್ಣ ಮಾತ್ರ. ಗೋಡೆಯ ಮೇಲೆ ಬೆಳಕು ನಿಧಾನವಾಗಿ ಕತ್ತಲಿಗೆ ಇಳಿಯುವ ಕಡೆ ಪಟ್ಟೆ ಪಟ್ಟೆ ಕಾಣುತ್ತದೆ, ಮುಖದ ಮೇಲೂ ಹಾಗೇ. ಸೆಕೆಂಡಿಗೆ 25 ಫ್ರೇಮಿನ 3 ಸೆಕೆಂಡ್ ಲೂಪ್ ಅಂದರೆ 75 ಫ್ರೇಮ್, ಜಿಫ್‌ನಲ್ಲಿ ಅದು ಭಾರಿ ತೂಗುತ್ತದೆ. ಅದನ್ನೇ ಎಂಪಿ4 ಅಥವಾ ವೆಬ್‌ಎಂ ವಿಡಿಯೊ ಮಾಡಿದರೆ ತುಂಬ ಹಗುರ, ಬಣ್ಣವೂ ಪೂರ್ತಿ. ಸಿನಿಮಾಗ್ರಾಫ್‌ಗೆ ಇನ್ನೊಂದು ಲಾಭ ಇದೆ. ಹೆಚ್ಚಿನ ಭಾಗ ಬದಲಾಗದೇ ಇರುವುದರಿಂದ ವಿಡಿಯೊ ಕುಗ್ಗಿಸುವ ಕ್ರಮಕ್ಕೆ ಕೆಲಸವೇ ಕಡಿಮೆ. ಬದಲಾದ ಚೂರನ್ನಷ್ಟೇ ಅದು ಬರೆದಿಟ್ಟುಕೊಳ್ಳುತ್ತದೆ. ಶಬ್ದದ ಟ್ರ್ಯಾಕ್ ಪೂರ್ತಿ ತೆಗೆದುಹಾಕಿ. 2018ರಿಂದ ಕ್ರೋಮ್ ಬ್ರೌಸರ್ ಶಬ್ದ ಇರುವ ವಿಡಿಯೊ ತಾನಾಗಿ ಓಡುವುದನ್ನು ಹೆಚ್ಚಿನ ಸಂದರ್ಭಗಳಲ್ಲಿ ತಡೆಯುತ್ತದೆ. ಶಬ್ದವಿಲ್ಲದ್ದಕ್ಕೆ ತಡೆ ಇಲ್ಲ. ಐಫೋನ್‌ನಲ್ಲೂ 2016ರ ಐಒಎಸ್ 10ರಿಂದ ಶಬ್ದವಿಲ್ಲದ ವಿಡಿಯೊ ಪುಟದೊಳಗೇ ಓಡುತ್ತದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್‌ನ ಅಳತೆಗೋಲು. ಅದಕ್ಕೆ ಮೊದಲು ಸ್ಥಿರ ಫೋಟೊ ಬರಲಿ, ಚಲನೆ ಅದರ ಹಿಂದೆ ಬರಲಿ. ನೋಡುವವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ, ಮೊದಲ ಕ್ಷಣದಲ್ಲಿ ಅದು ಹೇಗೂ ನಿಂತ ಫೋಟೊ ತಾನೇ.

ಇಮೇಲ್‌ನಲ್ಲಿ ಮಾತ್ರ ಜಿಫ್ ಇನ್ನೂ ಬೇಕಾಗುತ್ತದೆ. ಔಟ್‌ಲುಕ್‌ನ ಹಳೆಯ ಡೆಸ್ಕ್‌ಟಾಪ್ ಆವೃತ್ತಿಗಳು ಅದರ ಮೊದಲ ಫ್ರೇಮನ್ನು ಮಾತ್ರ ತೋರಿಸಿ ನಿಲ್ಲಿಸುತ್ತವೆ. ಕಂಪನಿಗಳಿಗೆ ಮಾರುವ ನಮಗೆ ಇದು ಸಣ್ಣ ವಿಷಯವಲ್ಲ. ಮೊದಲ ಫ್ರೇಮ್ ಒಂದೇ ನಿಂತರೂ ಅರ್ಥವಾಗುವ ಹಾಗೆ ಇರಲಿ. ನಮ್ಮ ಗೋಡೆಯ ಫೋಟೊದ ಇಮೇಲ್ ಪ್ರತಿಯಲ್ಲಿ ಚೀಟಿ ಸ್ವಲ್ಪ ಎದ್ದಿರುವ ಫ್ರೇಮಿನಿಂದಲೇ ಶುರು ಮಾಡಿದೆವು.

ಇನ್ನು ನಾನು ಮನಸ್ಸಿಟ್ಟು ಹೇಳಬೇಕಾದ ಒಂದು ಮಾತಿದೆ. ನಿಲ್ಲದ ಚಲನೆ ಕೆಲವರಿಗೆ ಹಿಂಸೆ. ಗಮನ ಹಿಡಿದಿಡುವುದು ಕಷ್ಟವಾಗಿರುವವರಿಗೆ ಪಕ್ಕದಲ್ಲಿ ಏನೋ ಅಲುಗುತ್ತಿದ್ದರೆ ಒಂದು ಸಾಲೂ ಓದಲು ಆಗುವುದಿಲ್ಲ. ಕೆಲವರಿಗೆ ತಲೆಸುತ್ತು ಬರುತ್ತದೆ. ವೆಬ್ ಎಲ್ಲರಿಗೂ ಎಟುಕಬೇಕು ಅಂತ ಇರುವ ಡಬ್ಲ್ಯುಸಿಎಜಿ ನಿಯಮಗಳು ಇದನ್ನು ಸ್ಪಷ್ಟವಾಗಿ ಹೇಳುತ್ತವೆ. ತಾನಾಗಿ ಶುರುವಾಗಿ 5 ಸೆಕೆಂಡಿಗಿಂತ ಹೆಚ್ಚು ಹೊತ್ತು ಓದುವುದರ ಪಕ್ಕದಲ್ಲಿ ಚಲಿಸುವ ಯಾವುದಕ್ಕೂ ನಿಲ್ಲಿಸುವ ದಾರಿ ಇರಬೇಕು. ನಿಮ್ಮ ಲೂಪ್ 3 ಸೆಕೆಂಡಿನದು ಅಂತ ತಪ್ಪಿಸಿಕೊಳ್ಳಲು ಬರುವುದಿಲ್ಲ, ಅದು ಸುತ್ತುತ್ತಲೇ ಇರುತ್ತದಲ್ಲ. ಒಂದು ಮೂಲೆಯಲ್ಲಿ ಚಲನೆ ನಿಲ್ಲಿಸುವ ಸಣ್ಣ ಬಟನ್ ಇಡಿ. ಚಲನೆ ಕಡಿಮೆ ಬೇಕು ಅಂತ ತಮ್ಮ ಫೋನಿನಲ್ಲಿ ಸೆಟ್ಟಿಂಗ್ ಮಾಡಿಕೊಂಡವರಿಗೆ ಸ್ಥಿರ ಫೋಟೊವನ್ನೇ ಕೊಡಿ. ಬ್ರೌಸರ್ ಅದನ್ನು ತಿಳಿಸುತ್ತದೆ, ಕೋಡ್ ಬರೆಯುವವರಿಗೆ ಕೆಲವು ಸಾಲಿನ ಕೆಲಸ. ಒಂದು ಪುಟಕ್ಕೆ ಒಂದೇ ಚಲಿಸುವ ಫೋಟೊ ಸಾಕು. ಎರಡು ಇಟ್ಟರೆ ಎರಡೂ ಜಗಳವಾಡುತ್ತವೆ, ಎರಡೂ ಸೋಲುತ್ತವೆ.

ಅಳೆಯುವ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಅದೇ ಫೋಟೊದ ಸ್ಥಿರ ಪ್ರತಿಯನ್ನು ಅರ್ಧ ಜನರಿಗೆ, ಚಲಿಸುವ ಪ್ರತಿಯನ್ನು ಇನ್ನರ್ಧ ಜನರಿಗೆ ತೋರಿಸಿ. ಪಠ್ಯ, ಬಟನ್, ದಿನ ಎಲ್ಲ ಒಂದೇ ಇರಲಿ. ಕ್ಲಿಕ್ ಎಷ್ಟಾಯಿತು ಅಂತ ಮಾತ್ರ ನೋಡಬೇಡಿ. ಅಲುಗುವ ವಸ್ತುವನ್ನು ಜನ ಕುತೂಹಲಕ್ಕೂ ಒತ್ತುತ್ತಾರೆ. ಟ್ರಯಲ್ ಶುರು ಮಾಡಿ, ಒಳಗೆ ಹೋಗಿ, ತಮ್ಮ ಮೊದಲ ರೋಡ್‌ಮ್ಯಾಪ್ ಮಾಡಿದವರು ಎಷ್ಟು ಅಂತ ನೋಡಿ.

ಕೇಳಿದ ಪ್ರಶ್ನೆಗಳು

ಈಗ ಒಂದೇ ಸ್ಥಿರ ಫೋಟೊ ಕೊಟ್ಟರೆ ಎಐ ಅದಕ್ಕೆ ಚಲನೆ ಕೊಡುತ್ತದಲ್ಲ, ಟ್ರೈಪಾಡ್, ಮಾಸ್ಕ್ ಎಲ್ಲ ಇನ್ನೂ ಯಾಕೆ ಅಂತ ಒಬ್ಬರು ಕೇಳಿದರು.

ಬಳಸಿ. ನೀರು, ಮೋಡ, ಬಟ್ಟೆ ಇಂಥವಕ್ಕೆ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಸಣ್ಣ ತಂಡಕ್ಕೆ ದೊಡ್ಡ ಸಹಾಯ. ಎರಡು ಕಡೆ ಮಾತ್ರ ನಾನು ಬೇಡ ಅನ್ನುತ್ತೇನೆ. ನಿಮ್ಮ ಸಾಫ್ಟ್‌ವೇರ್‌ನ ಪರದೆಯನ್ನು ಅದರ ಕೈಗೆ ಕೊಡಬೇಡಿ, ಅಕ್ಷರಗಳು ಕರಗಿ ಬೇರೆ ಅಕ್ಷರ ಆಗುತ್ತವೆ. ಇನ್ನೊಂದು, ನಿಜವಾದ ಮನುಷ್ಯರ ಮುಖ. ನಿಮ್ಮ ಗ್ರಾಹಕರೊಬ್ಬರು ಫೋಟೊಗೆ ನಿಂತಿದ್ದಾರೆ ಅನ್ನಿ. ಅವರು ನಗದೇ ಇದ್ದಾಗ ನಗಿಸುವುದು, ತಲೆಯಾಡಿಸದೇ ಇದ್ದಾಗ ಆಡಿಸುವುದು, ಅವರು ಹೇಳದ ಮಾತನ್ನು ಅವರ ಬಾಯಿಗೆ ಹಾಕಿದ ಹಾಗೆ. ಕೇಳಿ ಒಪ್ಪಿಗೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಮುಖವನ್ನು ನಿಲ್ಲಲು ಬಿಡಿ.

ಸಾಫ್ಟ್‌ವೇರ್ ಹೇಗೆ ಕೆಲಸ ಮಾಡುತ್ತದೆ ಅಂತ ತೋರಿಸಲು ಇದು ಸಾಕಾ ಅನ್ನುವುದು ಇನ್ನೊಬ್ಬರ ಪ್ರಶ್ನೆ.

ಸಾಲದು. ಅದಕ್ಕೆ ಪರದೆಯ ರೆಕಾರ್ಡಿಂಗ್ ಬೇಕು, ಡೆಮೊ ಬೇಕು. ಈ ಫೋಟೊ ಬಾಗಿಲ ಹತ್ತಿರ ನಿಂತು ಕರೆಯುವ ಕೆಲಸ ಮಾಡುತ್ತದೆ. ಒಳಗೆ ಕೂರಿಸಿ ಮಾತಾಡಿಸುವವರು ಬೇರೆ ಇರಬೇಕು.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. ಬಹಳ ಹೊತ್ತು ಗೋಡೆಯ ಫೋಟೊವನ್ನೇ ನೋಡುತ್ತಾ ಕೂತಿದ್ದವರು ಅವರು. 'ಆ ಹಳದಿ ಚೀಟಿಯಲ್ಲಿ ಏನು ಬರೆದಿದೆ? ಇಲ್ಲಿಂದ ಓದಲಾಗುತ್ತಿಲ್ಲ.'

ಆ ಪ್ರಶ್ನೆಗೆ ನಾನು ಕಾಯುತ್ತಿದ್ದೆ. ಫೋಟೊ ತೆಗೆಯುವ ದಿನ ಗೋಡೆಯ ಚೀಟಿಗಳ ಮೇಲೆ ಏನಾದರೂ ಗೀಚಿಬಿಡೋಣ, ಯಾರು ಓದುತ್ತಾರೆ ಅಂತ ತಂಡದಲ್ಲಿ ಮಾತು ಬಂದಿತ್ತು. ಆಗ ನಮ್ಮ ಸಪೋರ್ಟ್ ತಂಡದವರು ಗ್ರಾಹಕರು ನಿಜವಾಗಿ ಕೇಳಿದ್ದ ಬೇಡಿಕೆಗಳನ್ನು, ಯಾರ ಹೆಸರೂ ಇಲ್ಲದೆ, ಒಂದೊಂದಾಗಿ ಬರೆದುಕೊಟ್ಟರು. ಆ ಹಳದಿ ಚೀಟಿಯಲ್ಲಿರುವುದು, 'ನಾನು ಕೇಳಿದ್ದು ಏನಾಯಿತು ಅಂತ ನನಗೆ ತಿಳಿಸುತ್ತೀರಾ?' ಅನ್ನುವ ಸಾಲು. ಮುಂದಿನ ರಿಲೀಸ್‌ನಲ್ಲಿ ಆ ಫೀಚರ್ ಗ್ರಾಹಕರ ಕೈ ಸೇರಿತು.